ಮೋಚಾ ಒಂದು ಊರು, ಕೋಕೋ ಒಂದು ಮರ

ಕಾಫಿ ಶಾಪ್‌ಗೆ ಹೋಗಿ ಮೋಚಾ ಕೇಳ್ತೀರಿ, ಬಾಯಿಗೆ ಚಾಕೊಲೇಟ್ ರುಚಿ ಬರುತ್ತೆ. ಹಾಗಾಗಿ ಮೋಚಾ ಅಂದ್ರೆ ಕೋಕೋದ ಇನ್ನೊಂದು ಹೆಸರು ಅಂದ್ಕೊಂಡವರು ತುಂಬಾ ಜನ. ನಿಜ ಏನಪ್ಪಾ ಅಂದ್ರೆ, ಮೋಚಾ ಅನ್ನೋದು ಯೆಮೆನ್ ದೇಶದ ಒಂದು ಊರು. ಕೆಂಪು ಸಮುದ್ರದ ದಡದ ಬಂದರು.

ತಮಾಷೆ ಅಂದ್ರೆ ಆ ಊರಲ್ಲಿ ಕಾಫಿ ಬೆಳೆಯಲ್ಲ. ಬರೀ ಮರಳು, ಸೆಕೆ. ಗಿಡಗಳಿರೋದು ಒಳನಾಡಿನ ಬೆಟ್ಟಗಳಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಕಡಿದ ಹೊಲಗಳಲ್ಲಿ. ಬೀಜ ಬೈತ್ ಅಲ್-ಫಕೀಹ್ ಎಂಬ ಪೇಟೆಗೆ ಇಳಿದು, ಅಲ್ಲಿಂದ ಒಂಟೆ ಮೇಲೆ ಬಂದರಿಗೆ ಬರುತ್ತಿತ್ತು. ಬ್ಯಾಡಗಿ ಮೆಣಸಿನಕಾಯಿ ಅಂತೀವಲ್ಲ, ಹಾಗೇ. ಎಲ್ಲೇ ಬೆಳೆದಿರಲಿ, ಹೆಸರು ಮಾರುಕಟ್ಟೆದು.

15ನೇ ಶತಮಾನದಲ್ಲಿ ಯೆಮೆನ್‌ನ ಸೂಫಿಗಳು ರಾತ್ರಿ ಪ್ರಾರ್ಥನೆಗೆ ನಿದ್ದೆ ಬರಬಾರದು ಅಂತ ಕಾಫಿ ಕುಡಿಯುತ್ತಿದ್ದರು. 17ನೇ ಶತಮಾನಕ್ಕೆ ಡಚ್ಚರು, ಇಂಗ್ಲಿಷರು, ನಮ್ಮ ಗುಜರಾತಿನ ವರ್ತಕರು ಎಲ್ಲರೂ ಮೋಚಾದಲ್ಲಿ ಠಿಕಾಣಿ ಹೂಡಿದ್ದರು. ಬಾಬಾ ಬುಡನ್ ಏಳು ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರು ಅನ್ನೋ ಐತಿಹ್ಯ ನಿಮಗೆ ಗೊತ್ತೇ ಇದೆ. ಆ ಬೀಜಗಳೂ ಯೆಮೆನ್‌ನವೇ ಅಂತಾರೆ. ಆಮೇಲೆ ಡಚ್ಚರು ಜಾವಾದಲ್ಲಿ ತೋಟ ಮಾಡಿದರು, ಫ್ರೆಂಚರು ಕೆರಿಬಿಯನ್ ದ್ವೀಪಗಳಲ್ಲಿ ಆಫ್ರಿಕಾದ ಗುಲಾಮರನ್ನು ದುಡಿಸಿ ಬೆಳೆದರು. ಅಷ್ಟು ಅಗ್ಗದ ಕಾಫಿ ಎದುರು ಮೋಚಾ ನಿಲ್ಲಲಿಲ್ಲ.

ಇನ್ನು ಕೋಕೋ. ಇದು ಅಮೆರಿಕ ಖಂಡದ ಮರ, ಕಾಫಿಗೂ ಇದಕ್ಕೂ ಯಾವ ನಂಟೂ ಇಲ್ಲ. ಮಾಯಾ ಜನ ಇದನ್ನು ಕಹಿಯಾಗಿ, ಮೆಣಸಿನಕಾಯಿ ಹಾಕಿ ಕುಡಿಯುತ್ತಿದ್ದರು. ಅಜ್ಟೆಕ್ಕರಿಗೆ ಬೀಜವೇ ಚಿಲ್ಲರೆ ಕಾಸು! ನಾವು ಡಬ್ಬಿಯಲ್ಲಿ ಕೊಳ್ಳೋ ಪುಡಿಯ ಕತೆ ಮಾತ್ರ ಆಮ್‌ಸ್ಟರ್‌ಡ್ಯಾಮ್‌ನದು. 1828ರಲ್ಲಿ ವಾನ್ ಹೌಟನ್ ಕುಟುಂಬ ಬೀಜದಿಂದ ಬೆಣ್ಣೆ ಹಿಂಡಿ ತೆಗೆಯೋ ಯಂತ್ರಕ್ಕೆ ಪೇಟೆಂಟ್ ಪಡೆಯಿತು. ಉಳಿದ ಹಿಂಡಿಯನ್ನು ಪುಡಿ ಮಾಡಿದರೆ ಕೋಕೋ. ಹಿಂಡಿದ ಬೆಣ್ಣೆಯನ್ನೇ ಸಕ್ಕರೆ ಜೊತೆ ಮತ್ತೆ ಸೇರಿಸಿದ್ರೆ ಚಾಕೊಲೇಟ್ ಬಾರ್. ನಮ್ಮ ಕರಾವಳಿಯ ಅಡಿಕೆ ತೋಟಗಳಲ್ಲೂ ಕೋಕೋ ಇದೆ. ಕ್ಯಾಂಪ್ಕೊದ ಪುತ್ತೂರು ಕಾರ್ಖಾನೆ 1986ರಿಂದ ಚಾಕೊಲೇಟ್ ಮಾಡ್ತಿದೆ.

ಹಾಗಾದ್ರೆ ಕಾಫಿ ಊರಿನ ಹೆಸರು ಚಾಕೊಲೇಟಿಗೆ ಅಂಟಿದ್ದು ಹೇಗೆ? ಯೆಮೆನ್ ಬೀಜದಲ್ಲೇ ಚಾಕೊಲೇಟಿನ ಛಾಯೆ ಇದೆ, ಅದನ್ನೇ ಅನುಕರಿಸಿ ಕಾಫಿಗೆ ಕೋಕೋ ಬೆರೆಸಿದರು ಅನ್ನೋದು ಹೆಚ್ಚಾಗಿ ಕೇಳಿಬರೋ ವಿವರಣೆ. ಇಟಲಿಯ ಮೋಕಾ ಪಾತ್ರೆಗೂ ಇದೇ ಊರಿನ ಹೆಸರು. ಅದು ಬಂದದ್ದು 1933ರಲ್ಲಿ, ಅದಕ್ಕೆ ಚಾಕೊಲೇಟ್ ಬೇಕಾಗೇ ಇಲ್ಲ.

ಇವತ್ತು ಯೆಮೆನ್ ಬೆಟ್ಟಗಳ ಎಷ್ಟೋ ರೈತರು ಕಾಫಿ ಕಿತ್ತು, ಜಗಿದರೆ ಅಮಲೇರೋ ಖಾತ್ ಎಲೆ ಹಾಕಿದ್ದಾರೆ. ಅದಕ್ಕೆ ದಿನಾ ಗಿರಾಕಿ ಇದ್ದಾರೆ. ಮೇಲಿಂದ ಯುದ್ಧ ಬೇರೆ. ನಿಮ್ಮ ಕಪ್‌ನಲ್ಲಿರೋ ಮೋಚಾದಲ್ಲಿ ಅಲ್ಲಿನ ಒಂದು ಬೀಜವೂ ಇರಬೇಕಾಗಿಲ್ಲ, ಹೆಸರಿನ ಬಾಬ್ತು ಆ ರೈತರಿಗೆ ಒಂದು ಪೈಸೆಯೂ ಹೋಗಲ್ಲ.