ಬಾಣ ಎಷ್ಟು ಎತ್ತರ ಹೋಯಿತು?

"ಅಜ್ಜಿ, ಸೈಕಲಿನ ಪಂಪು ಎಲ್ಲಿ ಉಂಟು?"

ಊಟದ ಪಾತ್ರೆ ತೊಳೆದಿಟ್ಟು ಸ್ವಲ್ಪ ಅಡ್ಡಾಗಬೇಕು ಎಂದಿದ್ದ ನನಗೆ ಮೊಮ್ಮಗಳ ಈ ಪ್ರಶ್ನೆ ಒಗಟಿನಂತೆ ಕೇಳಿಸಿತು. ನಮ್ಮ ಮನೆಯಿಂದ ಸೈಕಲ್ಲೇ ಹೋಗಿ ಎಷ್ಟೋ ವರ್ಷವಾಗಿದೆ. ಆದರೂ ಅಟ್ಟದ ಮೇಲೆ, ಮುರಿದ ಕೊಡೆಗಳ ನಡುವೆ ಪಂಪು ಇತ್ತು. ಹಳೆಯ ಮನೆಗಳ ಗುಣವೇ ಅದು. ಬೇಕಾದದ್ದು ಸಿಗುವುದಿಲ್ಲ, ಬೇಡವಾದದ್ದು ಹೋಗುವುದಿಲ್ಲ.

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಅವಳೊಂದು ರಾಕೆಟ್ ಮಾಡಿದ್ದಳು. ಸೋಡಾದ ಪ್ಲಾಸ್ಟಿಕ್ ಬಾಟಲಿಗೆ ರಟ್ಟಿನ ಮೂರು ರೆಕ್ಕೆ, ಒಳಗೆ ಮೂರನೆಯ ಒಂದು ಪಾಲು ನೀರು, ಬಾಯಿಗೆ ಬಿರಡೆ, ಬಿರಡೆಯ ನಡುವೆ ತೂರಿಸಿದ ಪಂಪಿನ ಸೂಜಿ. ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಿ ಗಾಳಿ ಒತ್ತುತ್ತ ಹೋದರೆ ಒಂದು ಹಂತದಲ್ಲಿ ಬಿರಡೆ ಸೋಲುತ್ತದೆ. ಒಳಗೆ ಅದುಮಿಕೊಂಡಿದ್ದ ಗಾಳಿ ನೀರನ್ನು ಕೆಳಕ್ಕೆ ತಳ್ಳುತ್ತದೆ, ಆ ತಳ್ಳುವಿಕೆಗೆ ಬಾಟಲಿ ಮೇಲಕ್ಕೆ ಹಾರುತ್ತದೆ. ಇದರಲ್ಲಿ ಬೆಂಕಿ ಇಲ್ಲ, ಮದ್ದು ಇಲ್ಲ. ಹಾಗಾಗಿ ನನಗೂ ಹೆದರಿಕೆ ಇರಲಿಲ್ಲ.

ಹೆದರಿಕೆಯಾದದ್ದು ಅವಳ ಡ್ರಾಯಿಂಗ್ ಶೀಟು ನೋಡಿದಾಗ. ಅದರಲ್ಲಿ ಕೆಂಪು ಶಾಯಿಯಲ್ಲಿ ದಪ್ಪಗೆ ಬರೆದಿತ್ತು: "ನಮ್ಮ ರಾಕೆಟ್ 100 ಮೀಟರ್ ಎತ್ತರ ಹಾರುತ್ತದೆ."

"ಯಾರು ಅಳೆದದ್ದು ಮಗಾ?"

"ಅಳೆಯುವುದು ಹೇಗೆ ಅಜ್ಜಿ? ಮೇಲೆ ಹೋಗ್ಲಿಕ್ಕೆ ಆಗ್ತದಾ? ಎಲ್ಲರೂ ನೂರು ಅಂತ ಹೇಳಿದ್ರು, ಬರೆದೆ."

ಎಲ್ಲರೂ ಹೇಳಿದರು, ಬರೆದೆ! ಈ ಮಾತು ಕೇಳಿ ನಗು ಬಂತು, ಸ್ವಲ್ಪ ಬೇಸರವೂ ಆಯಿತು. ನಾನು ಹೈಸ್ಕೂಲು ಓದುವಾಗ ನಮ್ಮ ಶಾಲೆಯಲ್ಲಿ ಹುಡುಗಿಯರಿಗೆ ಸಾಮಾನ್ಯ ಗಣಿತ ಸಾಕು, ಜೊತೆಗೆ ಗೃಹವಿಜ್ಞಾನ ಇರಲಿ ಎಂದು ತೀರ್ಮಾನಿಸಿದ್ದರು. ಕಸೂತಿ, ಉಪ್ಪಿನಕಾಯಿ ಕಲಿತೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಸೈನ್, ಕಾಸ್, ಟ್ಯಾನ್ ಎಂಬ ಹೆಸರು ಕಿವಿಗೆ ಬಿದ್ದದ್ದು ನನ್ನ ಮಗಳು ಹತ್ತನೆಯ ತರಗತಿಯಲ್ಲಿದ್ದಾಗ, ರಾತ್ರಿ ಅವಳ ಪಕ್ಕ ಕೂತು ಲೆಕ್ಕ ಬಿಡಿಸುವಾಗ. ಮರದಿಂದ ಇಷ್ಟು ದೂರ ನಿಂತವನಿಗೆ ಅದರ ತುದಿ ಇಷ್ಟು ಡಿಗ್ರಿ ಮೇಲೆ ಕಾಣುತ್ತದೆ, ಮರದ ಎತ್ತರವೆಷ್ಟು ಎಂಬ ಲೆಕ್ಕ ಅದು. ಉತ್ತರ ಬಂದಾಗ ನಾನು ಪೆನ್ಸಿಲು ಕೆಳಗಿಟ್ಟು ಸುಮ್ಮನೆ ಕೂತೆ. ಹೆಣ್ಣುಮಕ್ಕಳು ಮರ ಹತ್ತಬಾರದು ಎಂದು ಗದರಿಸಿ ಬೆಳೆಸಿದ್ದರಲ್ಲ, ಹತ್ತದೆಯೇ ಎತ್ತರ ತಿಳಿಯುವ ವಿದ್ಯೆಯನ್ನಾದರೂ ಕಲಿಸಬಹುದಿತ್ತು ಅನ್ನಿಸಿತು.

ಅದನ್ನು ಮೊಮ್ಮಗಳಿಗೆ ಕಲಿಸಿಯೇಬಿಡುವುದು ಎಂದು ಹೊರಟೆ. ಕಂಪಾಸ್ ಪೆಟ್ಟಿಗೆಯ ಕೋನಮಾಪಕದ ನೇರ ಅಂಚಿಗೆ ಶರಬತ್ತು ಕುಡಿಯುವ ಕೊಳವೆಯೊಂದನ್ನು ಅಂಟಿಸಿದೆವು. ನಡುವಿನ ತೂತಿನಿಂದ ದಾರ ಇಳಿಬಿಟ್ಟು ಅದರ ತುದಿಗೆ ಹಳೆಯ ಬೀಗದ ಕೈ ಕಟ್ಟಿದೆವು. ಕೊಳವೆಯಲ್ಲಿ ನೇರಕ್ಕೆ ನೋಡಿದರೆ ದಾರ 90ರ ಮೇಲೆ ನಿಲ್ಲುತ್ತದೆ. ಮೇಲಕ್ಕೆ ನೋಡಿದರೆ ಸರಿಯುತ್ತದೆ. ಎಷ್ಟು ಸರಿಯಿತೋ ಅಷ್ಟೇ ಕೋನ. ರಾಕೆಟ್ ತುದಿ ಮುಟ್ಟಿದ ಕ್ಷಣದಲ್ಲಿ ದಾರವನ್ನು ಬೆರಳಿನಿಂದ ಒತ್ತಿ ಹಿಡಿದು, ಆಮೇಲೆ ನಿಧಾನವಾಗಿ ಓದಿಕೊಂಡರೆ ಸರಿ. ಇಂಥ ಎರಡು ಮಾಡಿದೆವು.

ಸಂಜೆ ಬಲ್ಮಠದಲ್ಲಿ ಮಕ್ಕಳು ಆಡುವ ಮೈದಾನಕ್ಕೆ ಹೋದೆವು. ಹೊಲಿಗೆ ಪೆಟ್ಟಿಗೆಯ ಒಂದೂವರೆ ಮೀಟರಿನ ಟೇಪನ್ನು 20 ಸಲ ನೆಲಕ್ಕೆ ಹಾಸಿ 30 ಮೀಟರ್ ಗುರುತು ಮಾಡಿದೆ. ಅಷ್ಟಕ್ಕೇ ಸೊಂಟ ಹಿಡಿದುಕೊಂಡಿತು. ಆ ತುದಿಯಲ್ಲಿ ನಾನು, ಎದುರು ದಿಕ್ಕಿನಲ್ಲಿ ಅಷ್ಟೇ ದೂರದಲ್ಲಿ ಅವಳ ಗೆಳತಿ, ನಡುವೆ ಪಂಪಿನೊಂದಿಗೆ ಮೊಮ್ಮಗಳು. ಇಬ್ಬರು ಎದುರುಬದುರು ನಿಲ್ಲುವುದಕ್ಕೆ ಕಾರಣ ಉಂಟು. ಕಡಲ ಗಾಳಿ ಬಾಣವನ್ನು ಒಬ್ಬರ ಕಡೆಗೆ ತಳ್ಳಿದರೆ ಅವರಿಗೆ ಕೋನ ಹೆಚ್ಚು ಕಾಣುತ್ತದೆ, ಇನ್ನೊಬ್ಬರಿಗೆ ಕಡಿಮೆ. ಎರಡನ್ನೂ ಸೇರಿಸಿ ನೋಡಿದರೆ ಗಾಳಿಯ ಮೋಸ ಬಹುಮಟ್ಟಿಗೆ ಕಳೆಯುತ್ತದೆ.

ಭುಸ್ಸೆಂದು ಹಾರಿತು. ನನಗೆ 42 ಡಿಗ್ರಿ, ಆ ಹುಡುಗಿಗೆ 38. ನಡುವಿನ 40ಕ್ಕೆ ಟ್ಯಾನ್ ಸುಮಾರು 0.84. ಅದನ್ನು 30ರಿಂದ ಗುಣಿಸಿ, ನಮ್ಮ ಕಣ್ಣಿನ ಎತ್ತರ ಒಂದೂವರೆ ಮೀಟರ್ ಕೂಡಿಸಿದರೆ ಬಂದದ್ದು 27 ಮೀಟರಿಗಿಂತ ಕೂದಲೆಳೆ ಕಡಿಮೆ. ಮತ್ತೆ ಎರಡು ಸಲ ಹಾರಿಸಿದರೂ ಅದರ ಆಸುಪಾಸೇ. 100 ಮೀಟರ್ ಹಾರಿದ್ದರೆ ಕೋನ 73 ಡಿಗ್ರಿ ಬರಬೇಕಿತ್ತು, ನನ್ನ ಕತ್ತು ಬೆನ್ನಿಗೆ ತಾಗಬೇಕಿತ್ತು!

ಮೊಮ್ಮಗಳ ಮುಖ ಸಣ್ಣದಾಯಿತು. "ಬೇರೆ ಕ್ಲಾಸಿನವರು 150 ಅಂತ ಬರೆದಿದ್ದಾರೆ ಅಜ್ಜಿ. ನಾನು 27 ಅಂತ ಬರೆದ್ರೆ ನಗ್ತಾರೆ" ಎಂದು ಕಣ್ಣಲ್ಲಿ ನೀರು ತಂದಳು. ಮನೆಗೆ ಬಂದು ಅವಳಿಗೆ ಅವಲಕ್ಕಿ ಕಲಸಿ ಕೊಟ್ಟು ಒಂದು ಕತೆ ಹೇಳಿದೆ. ಕತೆಯೆಂದರೆ ನಡೆದದ್ದೇ.

1749ರ ಏಪ್ರಿಲ್ 27. ಯುರೋಪಿನ ದೊಡ್ಡ ಯುದ್ಧವೊಂದು ಮುಗಿದ ಸಂತೋಷಕ್ಕೆ ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ರಾಜವೈಭವದ ಬಾಣಬಿರುಸು. ನಮ್ಮ ಕಡೆ ರಥೋತ್ಸವದ ರಾತ್ರಿ ಆಕಾಶಬಾಣ ಬಿಡುತ್ತಾರಲ್ಲ, ಅದನ್ನೇ ನೂರು ಪಾಲು ಮಾಡಿಕೊಳ್ಳಿ. ಊರಿಗೆ ಊರೇ ಬಾಯ್ತೆರೆದು ನೋಡುತ್ತಿದ್ದಾಗ ಒಬ್ಬನಿಗೆ ಮಾತ್ರ ನಮ್ಮ ಪ್ರಶ್ನೆಯೇ ಬಂದಿತ್ತು: ಇವು ನಿಜಕ್ಕೂ ಎಷ್ಟು ಎತ್ತರ ಹೋಗುತ್ತವೆ? ಅವನು ಬೆಂಜಮಿನ್ ರಾಬಿನ್ಸ್ ಎಂಬ ಗಣಿತಜ್ಞ. ಕೋವಿಯ ಗುಂಡಿನ ವೇಗವನ್ನು ತೂಗಾಡುವ ಲೋಲಕದಿಂದ ಅಳೆದು ಹೆಸರಾದವನು. ಅವನ ಏರ್ಪಾಡಿನಂತೆ ಸುಮಾರು 4000 ಗಜ ದೂರದ ಮನೆಯೊಂದರ ಮಾಡಿನ ಮೇಲಿಂದ ಬಾಣಗಳ ಕೋನ ಗುರುತಿಸಲಾಯಿತು. ಸಾಧಾರಣ ಬಾಣಗಳು ಸುಮಾರು 440 ಗಜ, ಎಲ್ಲಕ್ಕಿಂತ ಮೇಲೆ ಹೋದದ್ದು ಸುಮಾರು 615 ಗಜ ಎಂದು ಲೆಕ್ಕ ಬಂತು. ಬಾಣದ ಎತ್ತರ ಗೊತ್ತಿದ್ದರೆ ಅದು ಎಷ್ಟು ದೂರದವರೆಗೆ ಕಾಣುತ್ತದೆ ಎಂದು ಹೇಳಬಹುದು. ಹಡಗಿನಿಂದ ಹಡಗಿಗೆ, ಊರಿಂದ ಊರಿಗೆ ಸಂಕೇತ ಕೊಡಲು ಅದು ಉಪಯೋಗಕ್ಕೆ ಬರುತ್ತದೆ ಎಂಬುದು ಅವನ ವಿಚಾರ. ಸಂಭ್ರಮದ ವಸ್ತುವನ್ನು ಉಪಯೋಗದ ವಸ್ತು ಮಾಡಿದ್ದು ಆ ಒಂದು ಅಳತೆ.

ಈ ರಾಬಿನ್ಸ್ ಕೊನೆಗೆ ಬಂದದ್ದು ನಮ್ಮ ದೇಶಕ್ಕೇ. ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಸರಿಪಡಿಸಲು ಮದರಾಸಿನ ಕಡೆಗೆ ಬಂದು, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡ. ಇನ್ನಷ್ಟು ವರ್ಷ ಬದುಕಿದ್ದರೆ ಅವನು ಕಾಣದ ಬಾಣಗಳನ್ನು ಕಾಣುತ್ತಿದ್ದ. ಏಕೆಂದರೆ ಮುಂದಿನ ಅಧ್ಯಾಯ ನಮ್ಮ ಮೈಸೂರಿನದು.

ಹೈದರಾಲಿ ಮತ್ತು ಟಿಪ್ಪುವಿನ ಬಾಣಗಳ ಬಗ್ಗೆ ನೀವೂ ಕೇಳಿರುತ್ತೀರಿ. ಇಲ್ಲಿಯೂ "ಎಲ್ಲರೂ ಹೇಳಿದರು" ಎಂಬ ಕಾಯಿಲೆ ಉಂಟು. ಕೆಲವರು ಅವನ್ನು ಈಗಿನ ಕ್ಷಿಪಣಿಗಳಂತೆ ವರ್ಣಿಸುತ್ತಾರೆ, ಕೆಲವರು ದೀಪಾವಳಿಯ ಆಟಿಕೆಯೆಂದು ತಳ್ಳಿಹಾಕುತ್ತಾರೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೆಯ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಬಾಣಗಳು ಸಿಕ್ಕಿದವು. ಉದ್ದ 23ರಿಂದ 26 ಸೆಂಟಿಮೀಟರ್. ನನ್ನ ಲಟ್ಟಣಿಗೆಗಿಂತ ಗಿಡ್ಡ! ಹಾಗಾದರೆ ಅವುಗಳ ಹಿರಿಮೆ ಎಲ್ಲಿತ್ತು? ಮೈಯಲ್ಲಿತ್ತು. ಬೇರೆಯವರ ಬಾಣಕ್ಕೆ ಕಾಗದದ ಇಲ್ಲವೆ ಮರದ ಕೊಳವೆಯಾದರೆ ಮೈಸೂರಿನದಕ್ಕೆ ಕಬ್ಬಿಣದ ಕೊಳವೆ. ಕಬ್ಬಿಣ ಬೇಗ ಒಡೆಯುವುದಿಲ್ಲವಾದ್ದರಿಂದ ಮದ್ದನ್ನು ಬಿಗಿಯಾಗಿ ತುಂಬಬಹುದು. ಬಿಗಿ ಹೆಚ್ಚಿದಷ್ಟು ದೂರ ಹೆಚ್ಚು. ಹಿಂದೆ ಒಂದು ಬಿದಿರಿನ ಕೋಲು ಕಟ್ಟಿದರೆ ಹಾದಿ ತಪ್ಪದೆ ಹೋಗುತ್ತಿತ್ತು. 1799ರ ಏಪ್ರಿಲಿನಲ್ಲಿ ಶ್ರೀರಂಗಪಟ್ಟಣದ ಹೊರಗೆ ಸುಲ್ತಾನ್‌ಪೇಟೆಯ ತೋಪಿನಲ್ಲಿ, ಮುಂದೆ ನೆಪೋಲಿಯನ್ನನನ್ನೇ ಸೋಲಿಸಿದ ವೆಲ್ಲೆಸ್ಲಿಯ ಪಡೆ ಕತ್ತಲಲ್ಲಿ ಬಾಣ ಮತ್ತು ಕೋವಿಗಳ ಹೊಡೆತಕ್ಕೆ ಚದುರಿಹೋಯಿತು. ಮೇ 4ರಂದು ಟಿಪ್ಪು ಮಡಿದ ಮೇಲೆ ಬಾಣಗಳು ಇಂಗ್ಲೆಂಡಿಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಅವುಗಳನ್ನು ಕಂಡು, ಸುಟ್ಟು ನೋಡಿ, ಒಂದೊಂದು ಗಾತ್ರಕ್ಕೂ ದೂರದ ಪಟ್ಟಿ ಮಾಡಿ ತನ್ನದೇ ಬಾಣಗಳನ್ನು ತಯಾರಿಸಿದ. ಲೋಕಕ್ಕೆ ಅವು ಕಾಂಗ್ರೀವನ ಬಾಣಗಳೆಂದೇ ಪರಿಚಯವಾದವು.

ಅದೇ 1799ರ ಸೇನೆಯಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಮಿತಭಾಷಿ ಇದ್ದ. ರಾತ್ರಿಯ ನಡಿಗೆಯೊಂದರಲ್ಲಿ, ನಾವು ಹೋಗುತ್ತಿರುವುದು ನಮ್ಮ ಶಿಬಿರಕ್ಕಲ್ಲ, ಶತ್ರುವಿನ ಕಡೆಗೆ ಎಂದು ನಕ್ಷತ್ರ ನೋಡಿ ತನ್ನ ದಂಡನಾಯಕನನ್ನು ಎಚ್ಚರಿಸಿದವನು ಅವನೇ. ಯುದ್ಧ ಮುಗಿದ ಮೇಲೆ ಇಡೀ ದಕ್ಷಿಣದ ಭೂಮಿಯನ್ನು ಕೋನಗಳಿಂದ ಅಳೆಯುತ್ತೇನೆ ಎಂದು ಹೊರಟ. 1800ರಲ್ಲಿ ಬೆಂಗಳೂರಿನ ಬಯಲಲ್ಲಿ 100 ಅಡಿಯ ಉಕ್ಕಿನ ಸರಪಳಿಯನ್ನು ಮತ್ತೆ ಮತ್ತೆ ಹಾಸಿ ಏಳು ಮೈಲಿಗೂ ಮಿಕ್ಕಿದ ಗೆರೆಯೊಂದನ್ನು ಅಳೆದ. ಮುಂದೆ 1802ರಲ್ಲಿ ಮದರಾಸಿನಲ್ಲಿ ಇನ್ನೊಂದು. ಹೊಲಿಗೆ ಟೇಪು 20 ಸಲ ಹಾಸಿ ಸೊಂಟ ನೋಯಿಸಿಕೊಂಡ ನನಗೆ ಆ ಕೆಲಸದ ಭಾರ ಈಗ ಅರ್ಥವಾಗುತ್ತದೆ. ನೆಲದ ಗೆರೆ ಒಂದು ಸರಿಯಾಗಿದ್ದರೆ ಉಳಿದದ್ದು ಕೋನಗಳ ಕೆಲಸ. ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನ ಹೆಣೆಯುತ್ತ, ದೂರದ ಜೊತೆಗೆ ಬೆಟ್ಟಗಳ ಎತ್ತರವನ್ನೂ ಲೆಕ್ಕ ಹಾಕುತ್ತ, ಘಟ್ಟ ಇಳಿದು ಅವನ ತ್ರಿಕೋನಗಳ ಸರಣಿ ನಮ್ಮ ಮಂಗಳೂರಿನ ಕಡಲು ಮುಟ್ಟಿತು. ಮದರಾಸಿನಿಂದ ಮಂಗಳೂರಿಗೆ 400 ಮೈಲಿ ಎಂದು ಹಳೆಯ ನಕ್ಷೆಗಳು ಹೇಳುತ್ತಿದ್ದವು. ಅಳೆದಾಗ ಬಂದದ್ದು ಸುಮಾರು 360. ಒಂದು ರಾಜ್ಯದಷ್ಟು ಅಗಲ ಕಾಗದದ ಮೇಲೆ ಸುಮ್ಮನೆ ಇತ್ತು!

ಅರ್ಧ ಟನ್ ತೂಕದ ಅವನ ಕೋನ ಅಳೆಯುವ ಯಂತ್ರವನ್ನು ಗುಡ್ಡಗಳ ನೆತ್ತಿಗೆ ಹೊತ್ತವರು ಕೂಲಿಯಾಳುಗಳು. ನಕ್ಷೆಯಲ್ಲಿ ಗುಡ್ಡದ ಹೆಸರಿದೆ, ಹೊತ್ತವರದಿಲ್ಲ.

"ಮತ್ತೆ ನಿಜವಾದ ರಾಕೆಟ್ಟು?" ಎಂದು ಕೇಳಿದಳು ಮೊಮ್ಮಗಳು. ಅವಲಕ್ಕಿ ಮುಗಿದಿತ್ತು, ಅಳುವೂ ನಿಂತಿತ್ತು.

ಅಲ್ಲಿಯೂ ಇದೇ ವಿದ್ಯೆ ಎಂದೆ. 1963ರ ನವೆಂಬರ್ 21ರ ಸಂಜೆ ಕೇರಳದ ತುಂಬಾದಿಂದ ನೈಕ್ ಅಪಾಚೆ ಎಂಬ ರಾಕೆಟ್ ಹಾರಿತು. ಭಾರತದ ನೆಲದಿಂದ ಬಾಹ್ಯಾಕಾಶದ ಶೋಧಕ್ಕೆ ಹೊರಟ ಮೊದಲನೆಯದು ಅದು. ಮೀನುಗಾರರ ಊರಿನ ಇಗರ್ಜಿಯೇ ಕಚೇರಿ, ಸಾಮಾನು ಸಾಗಿಸಲು ಸೈಕಲ್ಲು. ಮೇಲೇರಿದ ರಾಕೆಟ್ ಸೋಡಿಯಂ ಆವಿಯನ್ನು ಉಗುಳಿತು. ಕೆಳಗೆ ಕತ್ತಲು ಕವಿದಿದ್ದರೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲಿತ್ತಾದ್ದರಿಂದ ಆ ಆವಿ ಕಿತ್ತಳೆ ಬಣ್ಣದ ಗೆರೆಯಾಗಿ ಹೊಳೆಯಿತು. ಬೇರೆ ಬೇರೆ ಊರುಗಳಿಂದ ಒಂದೇ ಹೊತ್ತಿಗೆ ಅದರ ಚಿತ್ರ ತೆಗೆದರು. ಊರುಗಳ ನಡುವಿನ ದೂರ ಗೊತ್ತು, ಕೋನ ಗೊತ್ತು. ಆ ಗೆರೆ ಎಷ್ಟು ಎತ್ತರದಲ್ಲಿದೆ, ಅಲ್ಲಿನ ಗಾಳಿ ಎತ್ತ ಬೀಸುತ್ತದೆ ಎಂದು ಲೆಕ್ಕ ಹಾಕಲು ಅಷ್ಟು ಸಾಕು. ನಾವು ಮೈದಾನದ ಎರಡು ತುದಿಯಲ್ಲಿ ಬೀಗದ ಕೈ ತೂಗಾಡಿಸಿ ಮಾಡಿದ್ದೂ ಅದನ್ನೇ.

ಮೊಮ್ಮಗಳು ತುಸು ಹೊತ್ತು ಸುಮ್ಮನಿದ್ದಳು. "ಲ್ಯಾಂಬ್ಟನ್ನನಿಗೆ 40 ಮೈಲಿ ಕಡಿಮೆ ಬಂದಾಗ ಯಾರೂ ನಗಲಿಲ್ವಾ ಅಜ್ಜಿ?"

"ನಕ್ಕವರು ಇದ್ದರೂ ಇರಬಹುದು. ಆದರೆ ಮುಂದಿನ ನಕ್ಷೆ ಮಾಡುವಾಗ ಹಿಡಿದದ್ದು ಅವನ ಲೆಕ್ಕವನ್ನೇ."

ಅವಳು ಹೊಸ ಶೀಟು ತೆಗೆದುಕೊಂಡಳು. ನಡುವೆ ರಾಕೆಟ್, ಎರಡೂ ಕಡೆ ತ್ರಿಕೋನ, ಕೆಳಗೆ ಲೆಕ್ಕ. ಕೊನೆಗೆ "ಸುಮಾರು 27 ಮೀಟರ್" ಎಂದು ಬರೆದಳು. ಆ "ಸುಮಾರು" ನಾನು ಹೇಳಿಕೊಟ್ಟದ್ದಲ್ಲ. ಅವಳ ಮಾತು ಅದು, ನನಗೆ ಬಹಳ ಹಿಡಿಸಿತು. ಇದೇ ಬಲ್ಮಠದ ಬಾಸೆಲ್ ಮಿಷನ್ ಮುದ್ರಣಾಲಯದಿಂದ 1894ರಲ್ಲಿ ಕಿಟೆಲರ ನಿಘಂಟು ಹೊರಬಂತು. ಸುಮಾರು 70,000 ಪದಗಳನ್ನು ಒಂದೊಂದಾಗಿ ಒರೆಹಚ್ಚಿ, ವರ್ಷಗಟ್ಟಲೆ ಕೂತು ಮಾಡಿದ ಕೆಲಸ. ಆಡಿದ ಮಾತಿಗೆ ಆಧಾರ ಹುಡುಕುವ ಬುದ್ಧಿ ಈ ಗುಡ್ಡೆಗೆ ಹೊಸತೇನಲ್ಲವಲ್ಲ!

ಪ್ರದರ್ಶನದಲ್ಲಿ ಬಹುಮಾನ 150 ಮೀಟರಿನವರಿಗೇ ಹೋಯಿತು. ಇವಳು ಒಂದು ದಿನ ಮುಖ ಊದಿಸಿಕೊಂಡು, ಮರುದಿನದಿಂದ ಕಂಡದ್ದನ್ನೆಲ್ಲ ಅಳೆಯತೊಡಗಿದಳು. ಎದುರಿನ ವಸತಿ ಸಮುಚ್ಚಯ, ನೀರಿನ ಟಾಂಕಿ, ಯಾವುದನ್ನೂ ಬಿಡಲಿಲ್ಲ.

ಆ ಚಟ ನನಗೂ ಅಂಟಿತು. ಮೊನ್ನೆ ತೆಂಗಿನಕಾಯಿ ಕೊಯ್ಯಲು ಬಂದವನು ಹಿತ್ತಿಲ ಮೂಲೆಯ ಮರಕ್ಕೆ ಹೆಚ್ಚು ಹಣ ಕೇಳಿದ. "ನೂರು ಅಡಿ ಉಂಟಮ್ಮ" ಎಂದ. ನಾನು ಒಳಗಿನಿಂದ ಕೋನಮಾಪಕ ತಂದು, ಟೇಪು ಹಾಸಿ, ಅವನ ಎದುರಿಗೇ ಲೆಕ್ಕ ಮಾಡಿ, "52 ಅಡಿ" ಎಂದು ಗೆದ್ದವಳಂತೆ ಹೇಳಿದೆ.

ಅವನು ಹಗ್ಗವನ್ನು ಕಾಲಿಗೆ ಸಿಕ್ಕಿಸಿಕೊಳ್ಳುತ್ತ ನಕ್ಕ. "ಕೆಳಗೆ ನಿಂತವರಿಗೆ 52 ಅಮ್ಮ. ಹತ್ತುವವನಿಗೆ ನೂರೇ."

ನಾನು ಅವನು ಕೇಳಿದಷ್ಟು ಕೊಟ್ಟೆ.