ಒಂದು ಗೆರೆಯ ಹಾಜರಿ

ಪ್ರಾರ್ಥನೆ ಮುಗಿದು ಮಕ್ಕಳು ಸಾಲಾಗಿ ಒಳಗೆ ಬಂದ ಮೇಲೆ ಮೊದಲ ಕೆಲಸ ಹಾಜರಿ. ಹೆಸರು ಕೂಗಿದಂತೆಲ್ಲ ‘ಎಸ್ ಸರ್ರೀ’, ‘ಹಾಜರ್ ರೀ ಸರ್’ ಎಂಬ ದನಿಗಳು. ನಡುವೆ ಒಂದು ಹೆಸರಿಗೆ ಮಾತ್ರ ಪಕ್ಕದವನು ಎದ್ದು ನಿಲ್ಲುತ್ತಾನೆ: ‘ಆಂವ ಬಂದಿಲ್ರೀ ಸರ್.’ ಬಂದವರು ತಮ್ಮ ಹಾಜರಿಯನ್ನು ತಾವೇ ಹೇಳುತ್ತಾರೆ. ಗೈರನ್ನು ಹೇಳುವವರು ಯಾವಾಗಲೂ ಬೇರೆಯವರು.

ಹಾಜರಿ ನಮ್ಮಲ್ಲಿಗೆ ಬಂದದ್ದು ಶಾಲೆಯ ಬಾಗಿಲಿನಿಂದಲ್ಲ, ದರಬಾರಿನ ಬಾಗಿಲಿನಿಂದ. ಮೂಲ ಅರಬ್ಬಿ, ದಾರಿ ಫಾರಸಿ. ಎದುರಿಗೆ ಇರುವವನು ಹಾಜರ್. ಯಾರ ಎದುರಿಗೆ ನಿಲ್ಲಬೇಕೋ ಆ ದೊಡ್ಡವರ ಸನ್ನಿಧಿ ಹುಜೂರು. ನಾಲ್ಕು ಜನರ ಎದುರಿಗೆ ಬರೆದ ಕಾಗದ ಮಹಜರು. ಮೂರೂ ಒಂದೇ ಧಾತುವಿನ ಮಕ್ಕಳು. ಹುಜೂರು ಅಧಿಕಾರ ಕಳೆದುಕೊಂಡು ಮೂಲೆ ಸೇರಿತು, ಮಹಜರು ಪೊಲೀಸರ ಪಾಲಾಯಿತು, ಹಾಜರಿ ಶಾಲೆಗೆ ಸೇರಿ ಬದುಕಿಕೊಂಡಿತು.

‘ಗೈರು’ ಎಂದರೆ ಬರೀ ‘ಅಲ್ಲದ’ ಎಂದರ್ಥ. ಹಾಜರಿಯ ತಲೆಗೆ ಅಂಟಿಕೊಂಡು ‘ಗೈರುಹಾಜರಿ’ ಆಗಿ ಬಂದದ್ದು. ‘ಸಭೆಗೆ ಸಚಿವರು ಗೈರು’ ಎಂದು ಪತ್ರಿಕೆಯವರು ಬಾಲ ಕತ್ತರಿಸಿದರೂ ಯಾರಿಗೂ ಏನೂ ಕೊರತೆ ಅನ್ನಿಸಲಿಲ್ಲ. ಸಂಸ್ಕೃತದ ‘ಉಪಸ್ಥಿತಿ’ ಆಮಂತ್ರಣ ಪತ್ರಿಕೆಯಲ್ಲಿ ಗತ್ತಿನಿಂದ ಕುಳಿತಿದೆ, ಆದರೆ ಉಪಸ್ಥಿತಿ ಕೂಗಿದ ಮಾಸ್ತರರನ್ನು ನಾನು ಕಂಡಿಲ್ಲ. ಮದುವೆಗೆ ಹೋಗಿ ಅಕ್ಷತೆ ಹಾಕಿ ಊಟಕ್ಕೂ ನಿಲ್ಲದೆ ಬಂದವರು ‘ಹಾಜರಿ ಹಾಕಿ ಬಂದೆ’ ಅನ್ನುತ್ತಾರೆ. ಬಂದದ್ದು ನಿಜ, ಇದ್ದದ್ದು ಸುಳ್ಳು.

ಇನ್ನು ಹಾಜರಾತಿ. ಹಾಜರಿ ದಿನದ್ದು, ಹಾಜರಾತಿ ವರ್ಷದ್ದು. ಒಂದನ್ನು ಕೂಗುತ್ತೇವೆ, ಇನ್ನೊಂದನ್ನು ಶೇಕಡಾದಲ್ಲಿ ಲೆಕ್ಕ ಹಾಕುತ್ತೇವೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಶೇ 75 ಬೇಕು ಎಂದು ಹೆದರಿಸುವುದು ಈ ಹಾಜರಾತಿ. ಹಾಜರಿಗೆ ತೂಕವೂ ಉಂಟು: ಬಿಸಿಯೂಟದ ಲೆಕ್ಕದಲ್ಲಿ ಐದನೆಯ ತರಗತಿವರೆಗಿನ ಒಂದು ಹಾಜರಿ ಎಂದರೆ 100 ಗ್ರಾಂ ಧಾನ್ಯ, ಆರರಿಂದ ಎಂಟರವರೆಗೆ 150 ಗ್ರಾಂ. ಕರಿಹಲಗೆಯ ಮೂಲೆಯಲ್ಲಿ ‘ದಾಖಲು 32, ಹಾಜರು 27, ಗೈರು 5’ ಎಂದು ಬರೆದ ಮೇಲೆಯೇ ಅಡುಗೆಯವರು ಅಕ್ಕಿ ಅಳೆಯುವುದು.

ಮಾತಿಗೆ ಎರಡೇ ಗತಿ, ಹಾಜರು ಅಥವಾ ಗೈರು. ಹಾಜರಿ ಪುಸ್ತಕದಲ್ಲಿ ಮೂರನೆಯದೊಂದಿದೆ. ನಾವು ಬೆಳಿಗ್ಗೆ ಒಂದು ಓರೆಗೆರೆ ಎಳೆಯುತ್ತೇವೆ, ಮಧ್ಯಾಹ್ನ ಅದರ ಮೇಲೆ ಇನ್ನೊಂದನ್ನು ಅಡ್ಡ ಎಳೆದು ಗುಣಾಕಾರದ ಗುರುತು ಮಾಡುತ್ತೇವೆ. ಮಧ್ಯಾಹ್ನ ಮಗು ಇಲ್ಲದಿದ್ದರೆ ಗೆರೆ ಒಂಟಿಯಾಗಿ ಉಳಿಯುತ್ತದೆ. ಅದಕ್ಕೆ ಕನ್ನಡದಲ್ಲಿ ಹೆಸರಿಲ್ಲ.

ಒಂದು ವರ್ಷ ಐದನೆಯ ತರಗತಿಯ ಒಬ್ಬ ಹುಡುಗಿಯ ಸಾಲಿನಲ್ಲಿ ರವಿವಾರ, ರಜೆಗಳ ಕೆಂಪು ಶಾಯಿ ಬಿಟ್ಟರೆ ಉಳಿದದ್ದೆಲ್ಲ ಒಂಟಿ ಗೆರೆಗಳೇ. ಎರಡು ಅರ್ಧ ಸೇರಿದರೆ ಒಂದು ದಿನ. ಹಾಗೆ ತಿಂಗಳ ಕೊನೆಗೆ ಇಪ್ಪತ್ತು ಗೆರೆಗಳನ್ನು ಹತ್ತು ದಿನವೆಂದು ಬರೆದು ಮುಗಿಸುತ್ತಿದ್ದೆ. ಅವ್ವ ಹತ್ತಿ ಬಿಡಿಸಲು ಹೋದಾಗ ತಂಗಿಯನ್ನು ನೋಡಿಕೊಳ್ಳುವ ಕೆಲಸ ಅವಳದು ಎಂದು ಕೇಳಿದ ಮೇಲೆ ತಿಳಿಯಿತು. ಮನೆಗೆ ಹೋಗಿ ಮಾತಾಡಿದೆ. ಸುಗ್ಗಿ ಮುಗಿಯುವ ತನಕ ಬೇರೆ ದಾರಿ ಇರಲಿಲ್ಲ. ವೇಳಾಪಟ್ಟಿ ನೋಡಿದೆ. ಗಣಿತದ ಪೀರಿಯಡ್ ಇದ್ದದ್ದು ಮಧ್ಯಾಹ್ನ. ಅಂದರೆ ಇಪ್ಪತ್ತು ದಿನ ಬಂದ ಹುಡುಗಿ ಒಂದು ದಿನವೂ ಲೆಕ್ಕ ಕಲಿತಿರಲಿಲ್ಲ.

ಮರುದಿನದಿಂದ ಗಣಿತವನ್ನು ಬೆಳಿಗ್ಗೆಗೆ ತಂದೆ. ಹಾಜರಿ ಪುಸ್ತಕದಲ್ಲಿ ಅವಳ ಗೆರೆ ಆ ತಿಂಗಳೂ ಒಂಟಿಯಾಗಿಯೇ ಇತ್ತು.