ಕಿಡಿ ಇದೆಯೋ, ಎಣ್ಣೆ ಇದೆಯೋ

ಪೆಟ್ರೋಲ್ ಗಾಡಿ ನಡುದಾರಿಯಲ್ಲಿ ನಿಂತುಬಿಟ್ಟರೆ ಕೇಳಬೇಕಾದ ಪ್ರಶ್ನೆಗಳು ಎರಡೇ ಎಂದು ನನ್ನ ದೊಡ್ಡಪ್ಪ ಹೇಳುತ್ತಿದ್ದರು: ಕಿಡಿ ಬರುತ್ತಿದೆಯೇ, ಎಣ್ಣೆ ಬರುತ್ತಿದೆಯೇ? ಮಿಕ್ಕಿದ್ದೆಲ್ಲ ಆಮೇಲೆ. ಅವರು ಶಿವಮೊಗ್ಗದ ಕಡೆ ಒಬ್ಬ ಅಡಿಕೆ ವ್ಯಾಪಾರಿಯ ಪಿಕಪ್ ಓಡಿಸುತ್ತಿದ್ದರು. ಯುದ್ಧ ಮುಗಿದ ಮೇಲೆ ಸೈನ್ಯದವರು ಹರಾಜು ಹಾಕಿದ 'ಡಿಸ್ಪೋಸಲ್' ಜೀಪುಗಳಲ್ಲಿ ಒಂದರ ಹಿಂಭಾಗ ಕತ್ತರಿಸಿ, ಹಲಗೆಯ ತೊಟ್ಟಿ ಕೂಡಿಸಿದ ಗಾಡಿ ಅದು. ಆರು ವೋಲ್ಟಿನ ಬ್ಯಾಟರಿ. ರಾತ್ರಿ ಅದರ ದೀಪದಲ್ಲಿ ರಸ್ತೆ ಕಾಣುವುದಕ್ಕಿಂತ ಎದುರಿನವರಿಗೆ ಗಾಡಿ ಕಂಡರೆ ಪುಣ್ಯ ಎಂಬಂತಿತ್ತು.

ಚರಿತ್ರೆ ಪಾಠ ಹೇಳುವ ನನಗೆ ರಾಜರ ಇಸವಿಗಳು ಬಾಯಿಪಾಠ. ಆದರೆ ಆ ಎರಡು ಪ್ರಶ್ನೆಗಳ ಹಿಂದೆಯೂ ಒಂದು ಚರಿತ್ರೆಯಿದೆ ಎಂದು ಹೊಳೆದದ್ದು ತಡವಾಗಿ.

ಕಾರ್ಖಾನೆಯಿಂದಲೇ ಪಿಕಪ್ ಎಂಬ ಹೆಸರು ಹೊತ್ತು ಬಂದ ಗಾಡಿಯನ್ನು ಫೋರ್ಡ್ ಕಂಪನಿ 1925ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕಿಟ್ಟಿತು. ಅದು ಮಾಡೆಲ್ ಟಿ ಕಾರಿನ ಮೇಲೆಯೇ ಕಟ್ಟಿದ್ದು. 1908ರಿಂದ 1927ರವರೆಗೆ ಆ ಮಾಡೆಲಿನ ಒಂದೂವರೆ ಕೋಟಿ ಗಾಡಿಗಳು ತಯಾರಾದವು. ಅದರಲ್ಲಿ ಪೆಟ್ರೋಲನ್ನು ಎತ್ತುವ ಪಂಪು ಇರಲಿಲ್ಲ. ಸೀಟಿನ ಕೆಳಗಿನ ಟ್ಯಾಂಕಿನಿಂದ ತಾನಾಗಿ ಇಳಿದು ಬರಬೇಕು. ಕಡಿದಾದ ಏರಿನಲ್ಲಿ ಮೂತಿ ಮೇಲಾದಾಗ ಎಣ್ಣೆ ಇಂಜಿನ್ನಿಗೆ ಬಾರದು. ಆದ್ದರಿಂದ ರೈತರು ಗಾಡಿಯನ್ನು ತಿರುಗಿಸಿ, ರಿವರ್ಸಿನಲ್ಲೇ ಗುಡ್ಡ ಹತ್ತಿಸುತ್ತಿದ್ದರು! ಕಿಡಿಗಾಗಿ ಅದರ ಫ್ಲೈವೀಲಿನಲ್ಲಿ ಹದಿನಾರು ಅಯಸ್ಕಾಂತಗಳು. ಚಕ್ರ ತಿರುಗಿದರೆ ವಿದ್ಯುತ್ತು. ಹ್ಯಾಂಡಲ್ ಹೊಡೆಯುವಾಗ ಅದು ಹಿಮ್ಮೆಟ್ಟಿ ಒದ್ದರೆ ಮುಂಗೈ ಮುರಿಯುತ್ತಿತ್ತು. ಈ ಕಾಟ ತಪ್ಪಿಸಿದವನು ಚಾರ್ಲ್ಸ್ ಕೆಟರಿಂಗ್. ಅವನ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಬ್ಯಾಟರಿ, ಕಾಯಿಲ್, ಪಾಯಿಂಟುಗಳ ಏರ್ಪಾಡಿಗೂ ಅವನೇ ರೂಪ ಕೊಟ್ಟ. ದೊಡ್ಡಪ್ಪನ ಜೀಪಿನಲ್ಲಿದ್ದದ್ದೂ ಅದೇ.

ಆ ಏರ್ಪಾಡು ಸರಳ. ಪಾಯಿಂಟು ಎಂಬ ಎರಡು ಪುಟ್ಟ ಲೋಹದ ತುಟಿಗಳು ಕೂಡಿದಾಗ ಕಾಯಿಲಿನಲ್ಲಿ ವಿದ್ಯುತ್ತು ಹರಿಯುತ್ತದೆ. ಅವು ಬಿಟ್ಟ ಕ್ಷಣದಲ್ಲಿ ಆರು ವೋಲ್ಟು ಸಾವಿರಾರು ವೋಲ್ಟಾಗಿ ನೆಗೆದು ಪ್ಲಗ್ಗಿನಲ್ಲಿ ಕಿಡಿಯಾಗುತ್ತದೆ. ತುಟಿಗಳ ನಡುವೆ ಇರಬೇಕಾದ ಸಂದು ಅರ್ಧ ಮಿಲಿಮೀಟರಿನಷ್ಟು. ಮಕ್ಕಳು 'ವಿದ್ಯುತ್ ಕಾಂತೀಯ ಪ್ರೇರಣೆ' ಎಂದು ಉರು ಹೊಡೆಯುವುದು ಇದನ್ನೇ. ಆದರೆ ಅದನ್ನು ಕಣ್ಣಿಂದ ಕಂಡ ಮಗು ನನ್ನ ಶಾಲೆಯಲ್ಲಿ ಒಂದೂ ಇಲ್ಲ.

ನಾನು ಕಂಡದ್ದು 1979ರ ಆಷಾಢದ ಒಂದು ರಾತ್ರಿ. ಚಿಕ್ಕಮ್ಮನಿಗೆ ಹೆರಿಗೆ ನೋವು. ಆಸ್ಪತ್ರೆಗೆ ಹನ್ನೆರಡು ಮೈಲಿ. ಗಾಡಿ ಗೊರಗೊರ ಎಂದು ಸುಮ್ಮನಾಯಿತು. ದೊಡ್ಡಪ್ಪ ಪಂಪಿನ ಗಾಜಿನ ಬಟ್ಟಲು ನೋಡಿದರು, ಎಣ್ಣೆ ತುಂಬಿತ್ತು. ಹಾಗಾದರೆ ಕಿಡಿ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ಒಳಗೆಲ್ಲ ನೀರಹನಿ. "ಲಾಟೀನು ಅಲ್ಲೇ ದೂರ ಹಿಡಿ ಪುಟ್ಟಿ, ಹತ್ತಿರ ತರಬೇಡ, ಪೆಟ್ರೋಲು ಇದೆ" ಎಂದರು. ಮುಚ್ಚಳವನ್ನು ದೊಡ್ಡಮ್ಮ ಅಡಿಗೆಮನೆಗೆ ಒಯ್ದು, ಒಲೆಯ ದಂಡೆಯ ಮೇಲಿಟ್ಟು ಒಣಗಿಸಿ ತಂದರು. ಅಷ್ಟರಲ್ಲಿ ದೊಡ್ಡಪ್ಪ ಬೆಂಕಿಪೊಟ್ಟಣದ ಗೀರುವ ಬದಿಯಿಂದ ಪಾಯಿಂಟು ಉಜ್ಜಿದ್ದರು. ಒಳಗಿನಿಂದ ಚಿಕ್ಕಮ್ಮನ ನರಳಾಟ ಕೇಳುತ್ತಿತ್ತು. ಹೊರಗೆ ಇವರ ಕೈ ಒಂದು ಸಲವೂ ಅವಸರಪಡಲಿಲ್ಲ. ಗಾಡಿ ಹೊರಟಿತು, ತಮ್ಮ ಬೆಳಗಿನ ಜಾವ ಆಸ್ಪತ್ರೆಯಲ್ಲೇ ಹುಟ್ಟಿದ. ಲಾಟೀನು ಹಿಡಿಯಲು ಹೆಣ್ಣುಮಕ್ಕಳು ಬೇಕು, ಸ್ಪ್ಯಾನರು ಹಿಡಿಯಲು ಬೇಡ ಎಂಬ ಕಾಲ ಅದು. ಹೆಚ್ಚೇನೂ ಬದಲಾಗಿಲ್ಲ ಅನ್ನಿ.

ಆ ನಿಧಾನವನ್ನು ಅವರು ಕಲಿತದ್ದು ಯುದ್ಧದ ಕಾಲದ ಇದ್ದಲು ಬಸ್ಸಿನಲ್ಲಿ. 1942ರ ಮಾರ್ಚಿನಲ್ಲಿ ರಂಗೂನ್ ಜಪಾನೀಯರ ವಶವಾಯಿತು. ಮರು ತಿಂಗಳು ಹಿಮ್ಮೆಟ್ಟುತ್ತಿದ್ದ ಬ್ರಿಟಿಷರೇ ಎನಂಜಾಂಗಿನ ಎಣ್ಣೆಬಾವಿಗಳನ್ನು ಹಾಳುಗೆಡವಿದರು. ಬರ್ಮಾದ ಎಣ್ಣೆ ನಿಂತಿತು. ಇದ್ದಬದ್ದ ಪೆಟ್ರೋಲು ಸೈನ್ಯಕ್ಕೆ. ಮೈಸೂರು ಸಂಸ್ಥಾನದ ಸರ್ವೀಸ್ ಬಸ್ಸುಗಳ ಹಿಂದೆ ಹಂಡೆಯಂಥ ಒಲೆಗಳು ಬಂದು ಕೂತವು. ಹದಿನಾರರ ದೊಡ್ಡಪ್ಪ ಅಂಥ ಒಂದು ಬಸ್ಸಿಗೆ ಕ್ಲೀನರ್.

ಬೆಳಿಗ್ಗೆ ಎದ್ದು ಹಂಡೆಗೆ ಇದ್ದಲು ತುಂಬಿ, ಬೆಂಕಿಯಿಟ್ಟು, ಗಾಳಿಯಂತ್ರದ ಹಿಡಿಯನ್ನು ಕೈ ಸೋಲುವವರೆಗೆ ತಿರುಗಿಸಬೇಕು. ಕೆಂಡಕ್ಕೆ ಸಾಲದಷ್ಟು ಗಾಳಿ ಸಿಕ್ಕಾಗ ಇದ್ದಲು ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದೇ ಬಸ್ಸಿನ ಆಹಾರ. ಅದನ್ನು ತಣಿಸಿ, ಸೋಸಿ ಇಂಜಿನ್ನಿಗೆ ಕಳಿಸಬೇಕು. ಸೋಸುವುದು ಕೆಟ್ಟರೆ ಬೂದಿ ಒಳಗೆ ಹೊಕ್ಕು ಸಿಲಿಂಡರ್ ಸವೆಯುತ್ತದೆ. ಈ ಅನಿಲ ಪೆಟ್ರೋಲಿಗಿಂತ ನಿಧಾನ ಉರಿಯುವುದರಿಂದ ಕಿಡಿಯನ್ನೂ ತುಸು ಮುಂಚೆ ಹಾರಿಸಬೇಕು. ಎಣ್ಣೆ ಬದಲಾದರೆ ಕಿಡಿಯೂ ಬದಲಾಗಬೇಕು, ನೋಡಿ. ಶಕ್ತಿ ಮಾತ್ರ ಪೆಟ್ರೋಲಿನದಕ್ಕಿಂತ ಬಹಳ ಕಡಿಮೆ. ಏರು ಬಂದಾಗ ಪ್ರಯಾಣಿಕರು ಟಿಕೆಟ್ಟಿನ ಕಾಸು ಕೊಟ್ಟೂ ಇಳಿದು ತಳ್ಳುತ್ತಿದ್ದರು ಎಂದು ದೊಡ್ಡಪ್ಪ ನಗುತ್ತಿದ್ದರು.

ನಗದೆ ಹೇಳುತ್ತಿದ್ದ ಮಾತು ಒಂದಿತ್ತು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ಕೂತರೆ ಮನುಷ್ಯ ಮಲಗಿದಲ್ಲೇ ಹೋಗುತ್ತಾನೆ. ಮುಚ್ಚಿದ ಶೆಡ್ಡಿನಲ್ಲಿ ಹಂಡೆ ಹೊತ್ತಿಸಬಾರದು, ತಲೆ ಹಿಡಿದುಕೊಂಡಂತಾದರೆ ಕೆಲಸ ಬಿಟ್ಟು ಬಯಲಿಗೆ ಓಡಬೇಕು ಎಂಬುದು ಅವರಿಗೆ ಡ್ರೈವರು ಹೇಳಿಕೊಟ್ಟ ಮೊದಲ ಪಾಠ. ನಮ್ಮ ಪಠ್ಯದಲ್ಲಿ ಎರಡನೆಯ ಮಹಾಯುದ್ಧವೆಂದರೆ ಸ್ಟಾಲಿನ್‌ಗ್ರಾಡ್, ಹಿರೋಷಿಮಾ. ಮಸಿ ಬಳಿದುಕೊಂಡು ಹಂಡೆಯ ಪಕ್ಕ ಕೂತ ಆ ಹುಡುಗರ ಯುದ್ಧಕ್ಕೆ ಒಂದು ಸಾಲೂ ಇಲ್ಲ. 1948ರ ಸೆಪ್ಟೆಂಬರಿನಲ್ಲಿ ಸರ್ಕಾರ 120 ಬಸ್ಸುಗಳೊಡನೆ ತನ್ನದೇ ಸಾರಿಗೆ ಇಲಾಖೆ ತೆರೆಯಿತು. ಇದ್ದಲಿನ ಹಂಡೆಗಳು ಗುಜರಿ ಸೇರಿದವು.

ಈಗಿನ ಗಾಡಿಗಳಿಗೆ ಪಾಯಿಂಟೂ ಇಲ್ಲ, ಕಾರ್ಬರೇಟರೂ ಇಲ್ಲ. ಕಿಡಿ, ಎಣ್ಣೆ ಎರಡನ್ನೂ ಕಂಪ್ಯೂಟರು ಅಳೆದು ಕೊಡುತ್ತದೆ. ಹಳೆಯ ಜೀಪುಗಳನ್ನು ಪ್ರೀತಿಯಿಂದ ಇಟ್ಟುಕೊಂಡವರಿಗೆ ಬಂದಿರುವ ಹೊಸ ಚಿಂತೆ ಪೆಟ್ರೋಲಿನದು. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆಸಿದ ಪೆಟ್ರೋಲು ಬಂದಿದೆ. ಬೆರಕೆಯ ವಿಚಾರ ಹೊಸದಲ್ಲ. 1948ರಲ್ಲೇ ಪವರ್ ಆಲ್ಕೋಹಾಲ್ ಕಾಯಿದೆ ಆಗಿತ್ತು. ಕಬ್ಬಿನ ರೈತನಿಗೆ ಇದು ಒಳ್ಳೆಯದೇ ಇರಬಹುದು. ಆದರೆ ಎಥೆನಾಲ್ ಹಳೆಯ ರಬ್ಬರನ್ನು ತಿನ್ನುತ್ತದೆ; ಪಂಪಿನ ಪೊರೆಯನ್ನೂ ಕೊಳವೆಗಳನ್ನೂ ಅದಕ್ಕೆ ತಾಳುವಂಥವಕ್ಕೆ ಬದಲಿಸಬೇಕು. ಅದು ನೀರನ್ನೂ ಹೀರುತ್ತದೆ. ಗಾಡಿ ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ನಿಂತರೆ ನೀರೂ ಎಥೆನಾಲೂ ಕೂಡಿ ಟ್ಯಾಂಕಿನ ತಳಕ್ಕೆ ಇಳಿದು ತಗಡಿಗೆ ತುಕ್ಕು ಹಿಡಿಸುತ್ತವೆ. ಪಂಪಿನ ಗಾಜಿನ ಬಟ್ಟಲನ್ನು ಬೆಳಕಿಗೆ ಹಿಡಿದರೆ ಅದು ಕಾಣುತ್ತದೆ: ಮೇಲೆ ಪೆಟ್ರೋಲು, ಕೆಳಗೆ ಬೇರೆಯೇ ಒಂದು ಪದರ, ನಡುವೆ ತೆಳ್ಳಗಿನ ಗೆರೆ.